ಯಾವ ಶಿರೂರು ಅಂದ್ರಾ? ಘೋಡ್ ನದಿ ದಂಡೆಯದ್ದು

2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಹಾಸನದಿಂದ ದೊಡ್ಡಮ್ಮನ ಫೋನ್. ‘ನೀನಿರೋ ಶಿರೂರೇನೋ ಮಗ ಅದು?’ ಅಲ್ಲ ದೊಡ್ಡಮ್ಮ, ಇದು ಪುಣೆ ಜಿಲ್ಲೆಯದು, ಇಲ್ಲಿ ಅಂಥ ಮಳೆಯೇ ಇಲ್ಲ ಎಂದು ಸಮಾಧಾನ ಮಾಡಿದೆ. ಹಳಬರು ಈ ಊರನ್ನು ಈಗಲೂ ಘೋಡನದಿ ಎನ್ನುತ್ತಾರೆ. ಸೇತುವೆ ದಾಟಿದರೆ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆ.

ಎಂಟೆಕ್‌ನಲ್ಲಿ ಜತೆಗಿದ್ದ ಗೆಳೆಯ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೋದಾಗ ಅವನಿಗೆ ಒಂದು ಕೈಪಿಡಿಯೇ ಸಿಕ್ಕಿತ್ತು. ನಗರಸಭೆಯಲ್ಲಿ ಹೆಸರು ನೋಂದಾಯಿಸುವುದರಿಂದ ಹಿಡಿದು ಸೈಕಲ್‌ಗೆ ರಾತ್ರಿ ದೀಪ ಕಡ್ಡಾಯ ಎನ್ನುವವರೆಗೆ ಎಲ್ಲವೂ ಅದರಲ್ಲಿತ್ತು. ರಂಜನಗಾಂವ್ ಎಂಐಡಿಸಿಯ ಕಾರ್ಖಾನೆಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳಲು ಬಂದ ನನಗೆ ಸಿಕ್ಕಿದ್ದು ಗೇಟ್ ಪಾಸ್ ಮಾತ್ರ. ಮುಂದೆ ಬರುವವರಿಗೆ ಇದೇ ಕೈಪಿಡಿ ಎಂದುಕೊಳ್ಳಿ.

ಮೊದಲ ಪ್ರಶ್ನೆ ಮನೆ ಎಲ್ಲಿ ಮಾಡುವುದು ಎಂಬುದು. ‘ಪುಣೆಯಲ್ಲೇ ಇರು, ಮಾಲ್ ಇದೆ, ಒಳ್ಳೆ ಶಾಲೆ ಇದೆ’ ಎಂದರು ಎಲ್ಲರೂ. ಎಂಟು ತಿಂಗಳು ಖರಾಡಿಯಿಂದ ಓಡಾಡಿದೆ. ವಾಘೋಲಿ, ಲೋಣಿಕಂದ, ಕೋರೆಗಾಂವ್ ಭೀಮಾ, ಶಿಕ್ರಾಪುರ... ಪುಣೆ–ನಗರ ಹೆದ್ದಾರಿಯ ಒಂದೊಂದು ಸಿಗ್ನಲ್ಲೂ ಬಾಯಿಪಾಠವಾಯಿತು. ಬೆಳಿಗ್ಗೆ ಹೊರಡುವಾಗ ಮಗಳು ಮಲಗಿರುತ್ತಿದ್ದಳು, ವಾಪಸಾದಾಗಲೂ ಮಲಗಿರುತ್ತಿದ್ದಳು. ಒಂದು ಭಾನುವಾರ ಅವಳು ಅಮ್ಮನನ್ನು ‘ಇವತ್ತು ಅಪ್ಪ ಯಾಕೆ ಬಂದಿದಾರೆ?’ ಎಂದು ಕೇಳಿದಳು. ಮುಂದಿನ ತಿಂಗಳೇ ಶಿರೂರಿಗೆ ಸಾಮಾನು ಸಾಗಿಸಿದೆವು. ಈಗ ಅರ್ಧ ಗಂಟೆಯ ದಾರಿ, ಅದೂ ಪುಣೆಯ ದಟ್ಟಣೆಯಿಂದ ದೂರ. ಕುಟುಂಬವಿದ್ದರೆ ನನ್ನ ಮಾತು ಕೇಳಿ, ಇಲ್ಲೇ ಮನೆ ಮಾಡಿ.

ಅಡ್ವಾನ್ಸ್ ಬೆಂಗಳೂರಿನಂತೆ ಹತ್ತು ತಿಂಗಳಲ್ಲ, ನಾನು ಕೊಟ್ಟದ್ದು ಎರಡೇ ತಿಂಗಳ ಬಾಡಿಗೆ. ಆದರೆ ‘ಲೀವ್ ಅಂಡ್ ಲೈಸೆನ್ಸ್’ ಕರಾರನ್ನು ನೋಂದಾಯಿಸಲೇಬೇಕು. ಕಾನೂನಿನ ಪ್ರಕಾರ ಅದು ಮಾಲೀಕರ ಹೊಣೆ. ಬ್ಯಾಂಕು, ಗ್ಯಾಸ್ ಎಲ್ಲಕ್ಕೂ ಅದೇ ವಿಳಾಸದ ದಾಖಲೆ, ಹಾಗಾಗಿ ‘ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. ಕೆಎ ನಂಬರಿನ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಆಗಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ಮೊದಲೇ ತನ್ನಿ.

ಭಾಷೆಗೆ ಹೆದರಬೇಡಿ. ಅರವತ್ತು ದಾಟಿದ ನಮ್ಮ ಮನೆ ಮಾಲೀಕರನ್ನು ನಾನು ನಮ್ಮೂರ ಅಭ್ಯಾಸದಲ್ಲಿ ‘ತಾಯಿ’ ಎಂದುಬಿಟ್ಟೆ. ಮರಾಠಿಯಲ್ಲಿ ಅದು ಅಕ್ಕ! ಅವರು ಜೋರಾಗಿ ನಕ್ಕರು, ಅಂದಿನಿಂದ ನಾನು ಅವರ ತಮ್ಮ. ರಾಗಿಗೆ ಇಲ್ಲಿ ‘ನಾಚಣಿ’ ಎಂದು ಕೇಳಿ. ಮುದ್ದೆ ಮಾತ್ರ ನಿಮ್ಮ ಮನೆಯಲ್ಲೇ. ಚಳಿಗಾಲದಲ್ಲಿ ಸಜ್ಜೆ ಭಾಕರಿ, ಠೇಚಾ ತಿಂದು ನೋಡಿ, ಮುದ್ದೆಯ ನೆನಪು ಸ್ವಲ್ಪ ಕಡಿಮೆಯಾಗುತ್ತದೆ.

ಮಗಳ ಕನ್ನಡದ್ದೇ ನಿಜವಾದ ಚಿಂತೆ. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅದು ಸರಿಯೇ, ಇಲ್ಲಿ ಬದುಕುವವಳು ಕಲಿಯಲಿ. ಆದರೆ ಕನ್ನಡ ಕಲಿಸುವವರು ಯಾರು? ಪುಣೆಯ ಕನ್ನಡ ಸಂಘ ಸುಮಾರು 70 ಕಿ.ಮೀ. ದೂರ. ಹೆದ್ದಾರಿಯಿಂದ ಉಳಿಸಿದ ಸಮಯದಲ್ಲಿ ಅರ್ಧ ಗಂಟೆ ಸ್ಲೇಟಿಗೆ ಮೀಸಲು. ಒತ್ತಕ್ಷರದ ಹತ್ತಿರ ಇಬ್ಬರಿಗೂ ಜಗಳ ನಡೆಯುತ್ತಿದೆ.

ಊರಿಂದ ಯಾರಾದರೂ ಬಂದರೆ ಅಷ್ಟವಿನಾಯಕರಲ್ಲಿ ಒಬ್ಬನಾದ ರಂಜನಗಾಂವ್ ಮಹಾಗಣಪತಿಗೆ ಕರೆದೊಯ್ಯಿರಿ, ಅಂಗಾರಕ ಸಂಕಷ್ಟಿ ಬಿಟ್ಟು. ಮಳೆಗಾಲ ಮುಗಿದ ಮೇಲೆ ನಿಘೋಜ್‌ಗೆ ಹೋಗಿ. ಕುಕಡಿ ನದಿಯ ನೀರು ಬಂಡೆಯಲ್ಲಿ ಕೊರೆದ ಗುಳಿಗಳು ನಮ್ಮ ದೊಡ್ಡಮ್ಮನಿಗೆ ಒರಳುಕಲ್ಲಿನ ಸಾಲಿನಂತೆ ಕಂಡವು. ಗುಳಿಗಳು ಆಳ, ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಜನವರಿ 1ರಂದು ಮಾತ್ರ ಪುಣೆ ಕಡೆ ಪ್ರಯಾಣ ಬೇಡ. 1818ರ ಆ ದಿನ ಕೋರೆಗಾಂವ್ ಭೀಮಾದಲ್ಲಿ ಪೇಶ್ವೆ ಸೈನ್ಯದೊಡನೆ ಕಾದಾಡಿದ ಬ್ರಿಟಿಷ್ ತುಕಡಿ ಹೊರಟದ್ದು ನಮ್ಮ ಶಿರೂರಿನ ದಂಡಿನಿಂದಲೇ. ಅದರಲ್ಲಿ ಮಹಾರ್ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಅಲ್ಲಿನ ವಿಜಯಸ್ತಂಭಕ್ಕೆ ನಮಿಸಲು ಲಕ್ಷಾಂತರ ಜನ ಬರುವುದರಿಂದ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ನೀವೂ ನೋಡಬೇಕೆಂದರೆ ಬೇರೊಂದು ದಿನ ನಿಧಾನವಾಗಿ ಹೋಗಿ.

ಕತ್ತಲಾದ ಮೇಲೆ ಕಬ್ಬಿನ ಗದ್ದೆ ಪಕ್ಕ ವಾಕಿಂಗ್ ಬೇಡವೇ ಬೇಡ. ಜುನ್ನರ್, ಅಂಬೇಗಾಂವ್, ಶಿರೂರು ತಾಲೂಕುಗಳಲ್ಲಿ ಚಿರತೆ ಕಬ್ಬಿನೊಳಗೇ ಮರಿ ಹಾಕುತ್ತದೆ, ಮಕ್ಕಳನ್ನೂ ಬಲಿ ತೆಗೆದುಕೊಂಡಿದೆ. ಮಲೆನಾಡಿನವರಿಗೆ ಆನೆ ಹೇಗೋ ಇಲ್ಲಿಯವರಿಗೆ ಇದು ಹಾಗೆ.

ಶಿರೂರಿಗೆ ರೈಲಿಲ್ಲ. ಊರಿಗೆ ಹೋಗಲು ಎಲ್ಲರೂ ಪುಣೆಗೆ ಓಡುತ್ತಾರೆ, ಉದ್ಯಾನ್ ಎಕ್ಸ್‌ಪ್ರೆಸ್ ಸಿಗುವುದು ಅಲ್ಲೇ. ಆದರೆ ದೆಹಲಿಯಿಂದ ಬೆಂಗಳೂರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಪುಣೆಗೆ ಬರುವುದಿಲ್ಲ, ಅಹಿಲ್ಯಾನಗರದ ಮೇಲೆ ಹೋಗುತ್ತದೆ. ಇಲ್ಲಿಂದ ಸುಮಾರು 55 ಕಿ.ಮೀ., ಪುಣೆಗಿಂತ ಹತ್ತಿರ, ದಾರಿಯೂ ಸಲೀಸು. ಟಿಕೆಟ್ ತೆರೆಯುವುದು 60 ದಿನ ಮುಂಚೆ. ನಾನು ದೀಪಾವಳಿಯದ್ದನ್ನು ಗಣಪತಿ ಹಬ್ಬದ ಹೊತ್ತಿಗೇ ಲೆಕ್ಕ ಹಾಕಿಟ್ಟುಕೊಳ್ಳುತ್ತೇನೆ.