ಬರಿದಾದ ತೋಟಾಗಳ ಪರೀಕ್ಷೆ

ಅಮೆರಿಕದ ಟ್ರ್ಯಾಪ್ ಕ್ಲಬ್ಬುಗಳಲ್ಲಿ, ಆಕಾಶಕ್ಕೆ ಚಿಮ್ಮುವ ಬಿಲ್ಲೆಗಳಿಗೆ ಗುರಿಯಿಟ್ಟು ಒಂದೊಂದು ಸರದಿಗೆ 25 ಈಡುಗಳನ್ನು ಹಾರಿಸಿದ ಅನೇಕ ಗುರಿಗಾರರು, ಆಟ ಮುಗಿದೊಡನೆ ಬರಿದಾದ ತೋಟಾಗಳನ್ನು ಆಯ್ದು ಮನೆಗೆ ಒಯ್ದು, ಹೊಸ ಕೇಪು, ಮದ್ದು, ಚರೆಗಳನ್ನೂ ಮದ್ದು-ಚರೆಗಳ ನಡುವಣ ವ್ಯಾಡೆಂಬ ಬಿರಡೆಯನ್ನೂ ತುಂಬಿ ಪುನಃ ಬಳಸುವ ಪದ್ಧತಿಯುಂಟು. ಮಿತವ್ಯಯದಿಂದ ಹುಟ್ಟಿದ ಈ ಕಸುಬಿನಲ್ಲಿ ನಿಜವಾದ ನೈಪುಣ್ಯವು ತುಂಬುವುದಕ್ಕಿಂತ ಮೊದಲು, ಯಾವುದನ್ನು ತುಂಬಬಾರದೆಂದು ನಿರ್ಣಯಿಸುವುದರಲ್ಲಿಯೇ ಇದೆ.

ಕೊಡಗು, ಮಲೆನಾಡುಗಳ ತೋಟಾಕೋವಿಯನ್ನು ಬಲ್ಲವರಿಗೆ ಅಪರಿಚಿತವಲ್ಲದ 12 ಗೇಜಿನ ತೋಟಾದಲ್ಲಿ ಬುಡಕ್ಕೆ ಲೋಹದ ಕವಚ, ಮೇಲಕ್ಕೆ ಕೊಳವೆ, ತುದಿಯಲ್ಲಿ 6 ಅಥವಾ 8 ಮಡಿಕೆಗಳ ಬಾಯಿ ಇರುತ್ತವೆ. ಹಿಂದಿನ ಕಾಗದದ ಕೊಳವೆಯು ತೇವಕ್ಕೆ ಉಬ್ಬಿ, ಬೆಂಕಿಗೆ ಬಾಯಿ ಸುಟ್ಟುಕೊಂಡು ಬೇಗನೆ ಸವೆಯುತ್ತಿತ್ತು. 1960ರಲ್ಲಿ ರೆಮಿಂಗ್ಟನ್ ಸಂಸ್ಥೆಯು ಪ್ಲಾಸ್ಟಿಕ್ ತೋಟಾವನ್ನು ತಂದಮೇಲೆ ಒಂದೇ ಕೊಳವೆ ಹಲವು ಬಾರಿ ಉಪಯೋಗಕ್ಕೆ ಬರುವಂತಾಯಿತು.

ಪ್ಲಾಸ್ಟಿಕ್ಕಾದರೂ ಚಿರಂಜೀವಿಯಲ್ಲ. ಬಾಯಿಯ ಮಡಿಕೆಗಳು ಸೀಳಿದ್ದರೆ, ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೆ, ಬುಡದ ಲೋಹ ಬಿರಿದಿದ್ದರೆ ಅಂಥದನ್ನು ತ್ಯಜಿಸತಕ್ಕದ್ದು. ಹೊಸ ಕೇಪು ಬಿಗಿಯಿಲ್ಲದೆ ಸಲೀಸಾಗಿ ಒಳಸರಿದರೆ ಅದರ ಕುಳಿ ಹಿಗ್ಗಿದೆಯೆಂದೇ ಅರ್ಥ. ಕೆಲವು ತೋಟಾಗಳಲ್ಲಿ ತಳದ ಗಟ್ಟಿಯು ಬೇರೆಯಾಗಿ ಕೂರಿಸಿದ್ದಾದುದರಿಂದ, ಬೆಳಕಿಗೆ ಹಿಡಿದು ಒಳಗನ್ನು ನೋಡುವುದು ಅತ್ಯವಶ್ಯಕ. ಸಡಿಲವಾದ ಆ ಗಟ್ಟಿ ಕಿತ್ತುಬಂದು ನಳಿಗೆಯಲ್ಲಿ ಸಿಕ್ಕಿಕೊಂಡರೆ ಮುಂದಿನ ಈಡಿಗೆ ನಳಿಗೆಯೇ ಸಿಡಿಯಬಹುದು.

ಹೊರಗಿನಿಂದ ಒಂದೇ ಅಳತೆಯಾಗಿ ಕಾಣುವ ವಿಂಚೆಸ್ಟರ್, ರೆಮಿಂಗ್ಟನ್, ಫೆಡರಲ್ ತೋಟಾಗಳ ಒಳಗಿನ ಅವಕಾಶವು ಒಂದೇ ಆಗಿರಬೇಕೆಂದಿಲ್ಲ. ಅವಕಾಶ ಬದಲಾದರೆ ಮದ್ದಿನ ಒತ್ತಡವೂ ಬದಲಾಗುವುದು. ಆದಕಾರಣ ಜಾತಿವಾರು ವಿಂಗಡಿಸಿ, ಆಯಾ ತೋಟಾಕ್ಕೆ ಪ್ರಕಟಿತ ಕೈಪಿಡಿ ವಿಧಿಸಿದ ಸಾಮಗ್ರಿಯನ್ನೇ ಅಳತೆ ಮೀರದೆ ಬಳಸುವುದು ಈ ಕಸುಬಿನ ಅನುಲ್ಲಂಘ್ಯ ನಿಯಮ. ರಾಶಿಯಲ್ಲಿ ಹಳದಿಯ 20 ಗೇಜಿನ ತೋಟಾ ಒಂದು ಬೆರೆತಿದ್ದರೂ ಅದನ್ನು ಮೊದಲೇ ಬೇರ್ಪಡಿಸಬೇಕು. ಏಕೆಂದರೆ ಅದು 12 ಗೇಜಿನ ನಳಿಗೆಯೊಳಕ್ಕೆ ಜಾರಿ ನಡುವೆ ನಿಂತು, ಅದರ ಹಿಂದೆ 12 ಗೇಜಿನ ತೋಟಾವನ್ನಿಟ್ಟು ಹಾರಿಸಿದಾಗ ಕೋವಿಯನ್ನೇ ಒಡೆಯಬಲ್ಲುದು. ಅಮೆರಿಕದಲ್ಲಿ ಹಳದಿ ಬಣ್ಣವನ್ನು 20 ಗೇಜಿಗೇ ಮೀಸಲಿಟ್ಟಿರುವುದು ಈ ಅಪಾಯವನ್ನು ತಪ್ಪಿಸಲೆಂದೇ.

ಸಂಶಯಕ್ಕೆ ಎಡೆಕೊಟ್ಟ ತೋಟಾವನ್ನು ಉಳಿಸಿದರೆ ಲಾಭ ಕೆಲವು ಸೆಂಟುಗಳು. ಅಪಾಯವಾದರೋ ಕೋವಿ ಹಿಡಿದವನೊಬ್ಬನಿಗಲ್ಲದೆ ಸಾಲಿನಲ್ಲಿ ಪಕ್ಕಕ್ಕೆ ನಿಂತವನಿಗೂ ತಟ್ಟುವಂಥದು. ಆದುದರಿಂದಲೇ ಎಚ್ಚರವುಳ್ಳವರು ಕೆಟ್ಟ ತೋಟಾವನ್ನು ಬರಿದೆ ಎಸೆಯದೆ, ಇನ್ನೊಬ್ಬನು ಆಯ್ದು ತುಂಬದಂತೆ ಅದರ ಬಾಯನ್ನು ಕತ್ತರಿಸಿಯೇ ಎಸೆಯುವರು.