ಆಟಿಯ ಕಷಾಯ, ಮಕ್ಕಳ ಹೊಟ್ಟೆಹುಳ

ಉಡುಪಿ ಸೀಮೆಯ ಮಕ್ಕಳ ಹೊಟ್ಟೆಹುಳಕ್ಕೆ ಮಳೆಗಾಲದಲ್ಲಿ ಎರಡು ಮದ್ದುಗಳು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಒಂದು, ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಸುವ ಪಾಲೆ ಕಷಾಯ. ಇನ್ನೊಂದು, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವಾದ ಆಗಸ್ಟ್ 10ರ ಹೊತ್ತಿಗೆ ಅಂಗನವಾಡಿಯಲ್ಲೋ ಶಾಲೆಯಲ್ಲೋ ಕೊಡುವ ಅಲ್ಬೆಂಡಜೋಲ್ ಮಾತ್ರೆ. 2024ರಲ್ಲಿ ಆಟಿ ಅಮಾವಾಸ್ಯೆ ಆಗಸ್ಟ್ 4ಕ್ಕೆ ಬಂದಿತ್ತು. ಮಾತ್ರೆ ಎಂದರೆ ಹತ್ತು ಪ್ರಶ್ನೆ ಕೇಳುವ ತಾಯಂದಿರು ಕಷಾಯಕ್ಕೆ ಒಂದನ್ನೂ ಕೇಳುವುದಿಲ್ಲ. ಮರದ್ದು ತಾನೇ, ಏನಾಗ್ತದೆ?

ಏನಾಗುತ್ತದೆ ಎನ್ನುವುದು ಮರ ಯಾವುದು ಎಂಬುದರ ಮೇಲಿದೆ. ಕಷಾಯದ ಮರ ಹಾಲೆ, ತುಳುವಿನಲ್ಲಿ ಪಾಲೆ. ಅದರ ತೊಗಟೆಯನ್ನು ಸೂರ್ಯ ಹುಟ್ಟುವ ಮುಂಚೆ, ಕತ್ತಿ ಮುಟ್ಟಿಸದೆ, ಬಿಳಿಕಲ್ಲಿನಿಂದ ಜಜ್ಜಿ ತೆಗೆಯಬೇಕು. ಮನೆಗೆ ತಂದು ಬೆಳ್ಳುಳ್ಳಿ, ಒಳ್ಳೆಮೆಣಸು, ಓಮ ಸೇರಿಸಿ ಕಷಾಯ ಮಾಡಬೇಕು. ಕುಡಿದ ಮೇಲೆ ದೇಹ ತಂಪಾಗಲೆಂದು ಮೆಂತೆ ಗಂಜಿ. ಈ ಆಚರಣೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಕತ್ತಲೆಯ ಬಗ್ಗೆ. ಯಾಕೆಂದರೆ ಕಾಪುವಿನ ಬನಗಳಲ್ಲಿ, ಕಾರ್ಕಳದ ಗುಡ್ಡಗಳಲ್ಲಿ ಕಾಸರಕದ ಮರವೂ ಬೆಳೆಯುತ್ತದೆ. ಕಾಸರಕದ ಬೀಜ, ತೊಗಟೆ ಎರಡರಲ್ಲೂ ಇರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳು.

ಹಗಲಲ್ಲಿ ಈ ಎರಡು ಮರಗಳನ್ನು ಗುರುತಿಸುವುದು ಕಷ್ಟವೇ ಅಲ್ಲ. ಹಾಲೆಯ ಎಲೆಗಳು ಗೆಲ್ಲಿನ ಒಂದೇ ಗಂಟಿನಿಂದ ಸುತ್ತಲೂ ಹೊರಡುತ್ತವೆ, ಸಾಮಾನ್ಯವಾಗಿ ಏಳರಷ್ಟು; ಸಂಸ್ಕೃತದ ಸಪ್ತಪರ್ಣ ಇದೇ. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಎದ್ದು ಕಾಣುವ ಮೂರರಿಂದ ಐದು ನರಗಳು, ಹಾಲು ಇಲ್ಲ, ಕಿತ್ತಳೆ ಬಣ್ಣದ ಉರುಟು ಕಾಯಿ. ಆದರೆ ಜಡಿಮಳೆಯ ನಸುಕಿನಲ್ಲಿ ಎಲೆ ಕಾಣುವುದಿಲ್ಲ, ಕೈಗೆ ಸಿಗುವುದು ಬರೀ ಒದ್ದೆ ತೊಗಟೆ. ರುಚಿ ನೋಡಿ ತಿಳಿಯೋಣ ಎಂದರೆ ಎರಡೂ ಕಹಿ. ಕುದಿಸಿದರೆ ವಿಷ ಹೋಗುವುದೂ ಇಲ್ಲ.

ಇದು ನಮ್ಮವರ ದಡ್ಡತನವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 19ನೇ ಶತಮಾನದ ಆರಂಭದಲ್ಲಿ ಯುರೋಪಿನ ಔಷಧಿ ಅಂಗಡಿಗಳೇ ಹೀಗೆ ಮೋಸಹೋಗಿದ್ದವು. ಜ್ವರಕ್ಕೆ ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಆಂಗಸ್ಟುರಾ ಎಂಬ ತೊಗಟೆಯ ಜೊತೆ ಇನ್ನೊಂದು ತೊಗಟೆ ಬೆರೆತು, ಕುಡಿದವರು ಸೆಟೆದು ಬಿದ್ದರು. ‘ಸುಳ್ಳು ಆಂಗಸ್ಟುರಾ’ ಎಂದು ಹೆಸರಾದ ಆ ತೊಗಟೆ ಕಾಸರಕದ್ದೇ ಎಂದು ಆಮೇಲೆ ಗೊತ್ತಾಯಿತು. ಒಣಗಿದ ತೊಗಟೆಯ ತುಂಡನ್ನು ಕಣ್ಣಿನಿಂದಷ್ಟೇ ಗುರುತಿಸಲು ಕಸುಬಿನವರಿಗೂ ಆಗಿರಲಿಲ್ಲ.

ಸ್ಟ್ರಿಕ್ನಿನ್ ಕೆಲಸ ಮಾಡುವ ರೀತಿ ಕ್ರೂರವಾದದ್ದು. ಬೆನ್ನುಹುರಿಯಲ್ಲಿ ಸ್ನಾಯುಗಳ ಬಿಗಿತಕ್ಕೆ ಕಡಿವಾಣ ಹಾಕುವ ಗ್ಲೈಸಿನ್ ಎಂಬ ರಾಸಾಯನಿಕ ಸಂಕೇತವನ್ನು ಅದು ತಡೆಯುತ್ತದೆ. ಕುಡಿದು ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ದವಡೆ, ಕತ್ತು ಬಿಗಿಯುತ್ತವೆ. ಒಂದು ಸದ್ದು, ಒಂದು ಸ್ಪರ್ಶ ಸಾಕು, ಮೈಯೆಲ್ಲ ಬಿಲ್ಲಿನಂತೆ ಬಾಗುತ್ತದೆ. ಪ್ರಜ್ಞೆ ಮಾತ್ರ ಇರುತ್ತದೆ. ಉಸಿರಾಟದ ಸ್ನಾಯುಗಳೂ ಸೆಟೆದುಕೊಂಡಾಗ ಸಾವು. ಪುಟ್ಟ ಮಗುವಿಗೆ 15 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣವೂ ಮಾರಕವಾಗಬಹುದೆಂದು ವಿಷವೈದ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಹಿರಿಯರಿಗೆ ಸ್ವಲ್ಪ ಬಿಗಿತ ತಂದು ಹೋಗುವ ಪ್ರಮಾಣ ಹತ್ತು ಕಿಲೋ ತೂಕದ ಮಗುವಿನಲ್ಲಿ ಹಾಗೆ ಮುಗಿಯುವುದಿಲ್ಲ. ಹಾಗೇನಾದರೂ ಆದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಉಳಿದ ತೊಗಟೆಯನ್ನು ಕಟ್ಟಿಕೊಂಡು ನೇರ ಆಸ್ಪತ್ರೆಗೆ ಓಡಬೇಕು.

ಹಿಂದೆಯೂ ಇದೇ ಕತ್ತಲೆ, ಇದೇ ಮರಗಳು ಇದ್ದವಲ್ಲ? ಇದ್ದವು. ಆದರೆ ಹಿಂದೆ ತೊಗಟೆ ತರುತ್ತಿದ್ದವರಿಗೆ ಆ ಮರದ ಪರಿಚಯ ವರ್ಷವಿಡೀ ಇರುತ್ತಿತ್ತು. ಹಿಂದಿನ ದಿನವೇ ಹೋಗಿ ಮರ ನೋಡಿ ಗುರುತು ಮಾಡಿಟ್ಟು ಬರುವ ಕ್ರಮವಿತ್ತು. ಇವತ್ತು ಮಣಿಪಾಲದ ಫ್ಲಾಟಿನಲ್ಲಿರುವವರು ತೊಗಟೆಯನ್ನು ಯಾರಿಂದಲೋ ಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ವಿಡಿಯೋ ನೋಡಿ ಗುಡ್ಡ ಹತ್ತುತ್ತಾರೆ. ಮದ್ದು ಉಳಿಯಿತು, ಅದಕ್ಕೆ ಕಾವಲಾಗಿದ್ದ ತಿಳಿವಳಿಕೆ ಉಳಿಯಲಿಲ್ಲ. ಬರುವ ವರ್ಷಗಳಲ್ಲಿ ಈ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೆ. ಆಚರಣೆ ಬೇಕೇ ಬೇಕೆಂದರೆ ಗಿಡ ಬಲ್ಲವರು ಹಗಲಲ್ಲಿ ನೋಡಿ ಖಾತ್ರಿ ಮಾಡಿದ ಮರದ್ದನ್ನು ದೊಡ್ಡವರು ಕುಡಿಯಲಿ. ಐದು ವರ್ಷದೊಳಗಿನ ಮಕ್ಕಳಿಗೆ ಮೆಂತೆ ಗಂಜಿ ಸಾಕು. ಅದು ರುಚಿಯಲ್ಲೂ ಮೇಲು.

ಗಿಡಮೂಲಿಕೆಯಿಂದ ಹುಳ ಸಾಯುವುದೇ ಇಲ್ಲ ಎಂದು ವಿಜ್ಞಾನ ಯಾವತ್ತೂ ಹೇಳಿಲ್ಲ. ಅದೂ ಒಂದು ಕಾಲದಲ್ಲಿ ಗಿಡಗಳನ್ನೇ ನಂಬಿತ್ತು. ದಕ್ಷಿಣ ಕನ್ನಡ ಜಿಲ್ಲೆಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1920ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಕೊಕ್ಕೆಹುಳದ ವಿರುದ್ಧ ಆಂದೋಲನ ನಡೆಸಿತು. ಆ ಕಾಲದಲ್ಲಿ ಪ್ರತಿಷ್ಠಾನದ ಮುಖ್ಯ ಮದ್ದುಗಳಲ್ಲೊಂದು ಕೀನೋಪೋಡಿಯಂ ಎಣ್ಣೆ, ಅಪ್ಪಟ ಸಸ್ಯಜನ್ಯ. ಹುಳ ಸಾಯುತ್ತಿತ್ತು, ನಿಜ. ಆದರೆ ಹುಳ ಸಾಯುವ ಪ್ರಮಾಣಕ್ಕೂ ಮಗು ಸಾಯುವ ಪ್ರಮಾಣಕ್ಕೂ ನಡುವಿನ ಅಂತರ ತೀರಾ ಚಿಕ್ಕದು. ಬೇರೆ ಬೇರೆ ದೇಶಗಳಲ್ಲಿ ಮಕ್ಕಳು ಸತ್ತ ವರದಿಗಳು ಬಂದವು, ಸುರಕ್ಷಿತ ಮದ್ದು ಸಿಗುತ್ತಲೇ ಎಣ್ಣೆ ಮೂಲೆಗೆ ಸೇರಿತು. ಮಾಚಿಪತ್ರೆಯ ಬಳಗದ ಗಿಡದಿಂದ ತೆಗೆದ ಸ್ಯಾಂಟೋನಿನ್ ಕಥೆಯೂ ಇದೇ. ಅದನ್ನು ತಿಂದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು, ಹೆಚ್ಚಾದರೆ ಫಿಟ್ಸ್ ಬರುತ್ತಿತ್ತು.

ಅಡುಗೆಮನೆಯ ಮದ್ದುಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಕಹಿಬೇವಿನ ಚಿಗುರು ತಿನ್ನಿಸುವುದು ಬೇರೆ, ಬೇವಿನ ಬೀಜದ ಎಣ್ಣೆ ಕುಡಿಸುವುದು ಬೇರೆ. ಆ ಎಣ್ಣೆಯಿಂದ ಶಿಶುಗಳಿಗೆ ವಾಂತಿ, ಮಂಪರು, ಫಿಟ್ಸ್ ಬಂದು ಮಿದುಳು, ಯಕೃತ್ತು ಕೆಡುವುದನ್ನು 1981ರಲ್ಲಿ ಮಲೇಷ್ಯಾದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕರ್ಪೂರ ಒಂದು ಗ್ರಾಂನಷ್ಟು ಹೊಟ್ಟೆಗೆ ಹೋದರೂ ಎಳೆಮಗುವಿನ ಜೀವಕ್ಕೆ ಅಪಾಯ. ಬಜೆಯನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವ ಮನೆಗಳಿವೆ. ವರ್ಷ ತುಂಬದ ಕೂಸಿಗೆ ಜೇನೇ ಕೂಡದು, ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಲ್ಲಿ ಮೊಳೆತು ವಿಷ ಕಕ್ಕುತ್ತದೆ. ಇನ್ನು ಶಾಸ್ತ್ರೋಕ್ತ ಔಷಧಿಗಳು. ಕೃಮಿಮುದ್ಗರ ರಸದಲ್ಲಿ ವಾಯುವಿಳಂಗ, ಮುತ್ತುಗದ ಬೀಜಗಳ ಜೊತೆ ಪಾದರಸವೂ ಇದೆ, ಶುದ್ಧಿ ಮಾಡಿದ ಕಾಸರಕದ ಬೀಜವೂ ಇದೆ. ಇವೆರಡನ್ನೂ ಸರ್ಕಾರದ ಔಷಧ ನಿಯಮಗಳೇ ಇ(1) ಅನುಸೂಚಿಯಲ್ಲಿ ವಿಷದ್ರವ್ಯವೆಂದು ಸೇರಿಸಿವೆ, ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯೂ ಇದೆ. ಕಾಸರಕಕ್ಕೆ ಶೋಧನೆ ಬೇಕೆಂದು ಆಯುರ್ವೇದಕ್ಕೆ ಮೊದಲಿನಿಂದಲೂ ಗೊತ್ತು. ಗೊತ್ತಿಲ್ಲದಿರುವುದು ಅಂಗಡಿಯಿಂದ ಡಬ್ಬಿ ತಂದು ಅಂದಾಜಿಗೆ ಚಮಚ ಅಳೆಯುವವರಿಗೆ.

ಹಾಗಾದರೆ ಯಾವ ಮನೆಮದ್ದಿಗೂ ಪುರಾವೆ ಇಲ್ಲವೇ? ಪಪ್ಪಾಯಿ ಬೀಜಕ್ಕೆ ಒಂದಿಷ್ಟು ಇದೆ. ನೈಜೀರಿಯದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಣಗಿಸಿದ ಬೀಜವನ್ನು ಜೇನಿನಲ್ಲಿ, ಉಳಿದವರಿಗೆ ಬರೀ ಜೇನು ಕೊಟ್ಟರು. ವಾರದ ನಂತರ ಬೀಜ ತಿಂದ 30 ಮಕ್ಕಳಲ್ಲಿ 23 ಮಂದಿಯ ಮಲದಲ್ಲಿ ಪರೋಪಜೀವಿಗಳು ಕಾಣಲಿಲ್ಲ. ಭರವಸೆಯ ಫಲಿತಾಂಶವೇ. ಆದರೆ ಬರೀ ಜೇನು ತಿಂದ 30ರಲ್ಲಿ 5 ಮಂದಿಯ ಮಲದಲ್ಲೂ ಏನೂ ಕಾಣಲಿಲ್ಲ! ಮೊಟ್ಟೆಗಳು ಪ್ರತಿದಿನ ಒಂದೇ ಪ್ರಮಾಣದಲ್ಲಿ ಮಲದಲ್ಲಿ ಇರುವುದಿಲ್ಲ, ಒಂದೇ ಸಲದ ಪರೀಕ್ಷೆಗೆ ಸಿಗದೆ ಹೋಗುತ್ತವೆ. ಅಜ್ಜಿಯ ಮದ್ದಿನಿಂದ ಗುಣವಾಯಿತು ಎನ್ನುವ ಎಷ್ಟೋ ಕಥೆಗಳ ಒಳಗುಟ್ಟು ಇಲ್ಲಿದೆ. ಅಲ್ಲದೆ ಅರವತ್ತು ಮಕ್ಕಳ ಒಂದು ವಾರದ ಅಧ್ಯಯನದಿಂದ ಎರಡು ವರ್ಷದ ಮಗುವಿಗೆ ಎಷ್ಟು ಬೀಜ ಎಂದು ಹೇಳಲು ಬರುವುದಿಲ್ಲ.

ಹರಳೆಣ್ಣೆ ಕುಡಿಸಿದಾಗ ದುಂಡುಹುಳ ಹೊರಗೆ ಬಿದ್ದದ್ದನ್ನು ಕಂಡವರು ‘ಎಲ್ಲ ಹೋಯ್ತು’ ಎನ್ನುತ್ತಾರೆ. ಕೊಕ್ಕೆಹುಳ ಹಾಗೆ ಬೀಳುವುದಿಲ್ಲ. ಕಾರ್ಕಳದ ಅಡಿಕೆ ತೋಟದ ನೆರಳಿನ ತೇವದ ಮಣ್ಣು ಅದರ ಮರಿಗಳಿಗೆ ಹೇಳಿಮಾಡಿಸಿದ ಜಾಗ. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಶ್ವಾಸಕೋಶ ಹಾದು, ಸಣ್ಣಕರುಳಿನ ಗೋಡೆಗೆ ಹಲ್ಲೂರಿ ಕೂರುತ್ತದೆ. ಕೊಕ್ಕೆಹುಳದ ಎರಡು ಬಗೆಗಳಲ್ಲಿ ದೊಡ್ಡದು ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತ ನಷ್ಟ ಮಾಡುತ್ತದೆ. ಅಂಥ ಐವತ್ತು ಹುಳಗಳಿದ್ದರೆ ದಿನಕ್ಕೆ 10 ಮಿಲಿಲೀಟರ್. ಹನ್ನೆರಡು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಒಂದು ಲೀಟರಿಗೂ ಕಡಿಮೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದಕ್ಕೆಲ್ಲ ಹುಳವೇ ಕಾರಣವಲ್ಲ, ಊಟದಲ್ಲಿನ ಕಬ್ಬಿಣದ ಕೊರತೆ ದೊಡ್ಡದು. ಆದರೆ ಮೊದಲೇ ರಕ್ತ ಕಡಿಮೆ ಇರುವ ಮಗುವಿಗೆ ಕಷಾಯ ಕುಡಿಸಿ ನಿಶ್ಚಿಂತರಾಗಿ ಕಳೆಯುವ ಆರು ತಿಂಗಳು ದುಬಾರಿ. ದುಂಡುಹುಳಗಳು ಉಂಡೆಯಾಗಿ ಕರುಳು ಕಟ್ಟಿದ ಮಗುವಿಗೆ ಭೇದಿಯ ಮದ್ದು ಕೊಟ್ಟರಂತೂ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲ ನಿಂತಿದ್ದರೆ ಹರಳೆಣ್ಣೆಯ ಬಾಟಲಿ ಮುಟ್ಟಬಾರದು.

ಇದರ ಇನ್ನೊಂದು ಮಗ್ಗುಲಲ್ಲಿ ಹುಳವೇ ಇಲ್ಲದ ಮಕ್ಕಳಿದ್ದಾರೆ. ರಾತ್ರಿ ಹಲ್ಲು ಕಡಿದರೆ ಹುಳ, ಬೆಲ್ಲ ತಿಂದರೆ ಹುಳ, ಊಟ ಬಿಟ್ಟರೂ ಹುಳ ಎನ್ನುವ ನಂಬಿಕೆ ಓದಿದವರಲ್ಲೂ ಇದೆ. ಹಲ್ಲು ಕಡಿಯುವುದು ಹುಳವಿಲ್ಲದ ಮಕ್ಕಳಲ್ಲೂ ಸಾಮಾನ್ಯ. ಸಿಹಿಯಿಂದ ಹಲ್ಲು ಹುಳುಕಾಗುತ್ತದೆ, ಹೊಟ್ಟೆಯಲ್ಲಿ ಹುಳ ಹುಟ್ಟುವುದಿಲ್ಲ. ಶೌಚಾಲಯ, ಚಪ್ಪಲಿ ಬಂದ ಮೇಲೆ ಇಂದಿನ ಮಗುವಿಗೆ ಕೊಕ್ಕೆಹುಳ ಅಂಟುವ ಸಾಧ್ಯತೆ ಬರಿಗಾಲಲ್ಲಿ ಗುಡ್ಡೆಗೆ ಹೋಗುತ್ತಿದ್ದ ಅಜ್ಜನ ಕಾಲದಷ್ಟಿಲ್ಲ. ಕಾಡುಮದ್ದಿನ ಅಪಾಯ ಮಾತ್ರ ಕಡಿಮೆಯಾಗಿಲ್ಲ. ಲಾಭ ಕರಗುತ್ತ ಹೋಗಿ ನಷ್ಟ ಮಾತ್ರ ಕರಗದ ವ್ಯಾಪಾರ ಇದು.

ಮಾತ್ರೆಯೂ ಸರ್ವಶಕ್ತವಲ್ಲ. ಅಲ್ಬೆಂಡಜೋಲಿನ ಒಂದೇ ಡೋಸಿಗೆ ದುಂಡುಹುಳ ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಹೋಗುತ್ತದೆ, ಕೊಕ್ಕೆಹುಳ ಸುಮಾರು 80ರಲ್ಲಿ, ಚಾಟಿಹುಳ ಬರೇ 30ರಷ್ಟರಲ್ಲಿ. ಅಪಾರ್ಟ್‌ಮೆಂಟಿನ ಮಕ್ಕಳನ್ನೂ ಬಿಡದ, ರಾತ್ರಿ ಗುದದ ಸುತ್ತ ತುರಿಸುವ ಸೂಜಿಹುಳಕ್ಕೆ ಎರಡು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು, ಮನೆಯವರೆಲ್ಲರೂ ತೆಗೆದುಕೊಳ್ಳಬೇಕು, ಉಗುರು ಕತ್ತರಿಸಿ ಹಾಸಿಗೆಬಟ್ಟೆ ಒಗೆಯಬೇಕು. ಮಾತ್ರೆಗೂ ಕಷಾಯಕ್ಕೂ ಇರುವ ವ್ಯತ್ಯಾಸವೆಂದರೆ ಮಾತ್ರೆಯ ಸೋಲುಗೆಲುವನ್ನು ಎಣಿಸಿದ್ದಾರೆ, ಅದರ ಅಳತೆ ಪ್ಯಾಕೆಟ್ಟಿನ ಮೇಲಿದೆ.

ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ. ಎರಡು ತುಂಬಿದ ಮೇಲೆ 400 ಮಿಲಿಗ್ರಾಂನ ಇಡೀ ಮಾತ್ರೆ. ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು. ಅಳುವ ಮಗುವಿನ ಬಾಯಿಗೆ ಬಲವಂತವಾಗಿ ತುರುಕಿದರೆ ಉಸಿರುನಾಳಕ್ಕೆ ಹೋಗಬಹುದು. ಹುಳ ಹೆಚ್ಚಿದ್ದ ಮಗುವಿಗೆ ಆ ದಿನ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬಂದು ತಾನಾಗಿ ಇಳಿಯುತ್ತದೆ. ಜ್ವರವಿದ್ದರೆ ಅವತ್ತು ಕೊಡಬಾರದು. ತಪ್ಪಿದವರಿಗೆಂದು ಕೆಲವು ದಿನಗಳ ನಂತರ ಇನ್ನೊಂದು ಸರದಿ ಇರುತ್ತದೆ, ಅದರ ದಿನಾಂಕವನ್ನು ಅಂಗನವಾಡಿ ಟೀಚರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು.