ಆಯ್ದಕ್ಕಿ ಲಕ್ಕಮ್ಮನ ಅಳತೆ

12ನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಅರಿಯದ ಭಕ್ತರು ವಿರಳ. ಕಾಯಕದ ಮಹಿಮೆಗೆ ನಿದರ್ಶನವಾಗಿ ಅದನ್ನು ಹೇಳುವುದು ರೂಢಿ. ಆದರೆ ಸಾಧಕನು ಎಡವುವುದು ಎಲ್ಲಿ ಎಂಬುದನ್ನೂ ಆ ಚರಿತ್ರೆ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ.

ಮಾರಯ್ಯನು ಎಡವಿದ್ದು ಎರಡು ಸಲ. ಶರಣರ ಅನುಭಾವಗೋಷ್ಠಿಯಲ್ಲಿ ತಲ್ಲೀನನಾಗಿ ಕುಳಿತವನಿಗೆ ಕಾಯಕವೇ ಮರೆತುಹೋಯಿತು. ಲಕ್ಕಮ್ಮ ಬಂದು ಎಚ್ಚರಿಸಬೇಕಾಯಿತು. ಧರ್ಮದ ಮಾತಿನ ಸವಿಯಲ್ಲಿ ಧರ್ಮದ ಆಚರಣೆ ಹಿಂದೆ ಬೀಳುವ ಈ ಪರಿ 12ನೆಯ ಶತಮಾನಕ್ಕೆ ಮಾತ್ರ ಸೀಮಿತವಾದುದಲ್ಲವೆಂದು ಹೇಳಬೇಕಾಗಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕದ್ದುದಲ್ಲ, ಯಾರನ್ನೂ ನೋಯಿಸಿ ಪಡೆದುದಲ್ಲ. ನೆಲದ ಮೇಲೆ ಬಿದ್ದಿದ್ದ ಅಕ್ಕಿ, ಸಲ್ಲಬೇಕಾದುದೂ ದಾಸೋಹಕ್ಕೇ. ಲೋಕದ ಯಾವ ನ್ಯಾಯವೂ ಇದರಲ್ಲಿ ತಪ್ಪನ್ನು ಕಾಣದು. ಲಕ್ಕಮ್ಮ ಕಂಡಳು. ಈ ಹೆಚ್ಚಳ ಯಾರ ಮನಸ್ಸಿನಿಂದ ಹುಟ್ಟಿತೆಂದು ಕೇಳಿ, ಮಿಕ್ಕುದನ್ನು ಮೊದಲಿದ್ದ ಸ್ಥಳದಲ್ಲೇ ಸುರಿದು ಬರುವಂತೆ ಹೇಳಿದಳು.

ಕಳವು, ಹುಸಿಗಳನ್ನು ಗುರುತಿಸುವುದು ಕಷ್ಟವಲ್ಲ. ಅವುಗಳಿಗೆ ಅವುಗಳದೇ ಮುಖವಿದೆ. ಆಸೆಯು ಭಕ್ತಿಯ ವೇಷದಲ್ಲಿ ಬಂದಾಗಲೇ ಸಾಧಕನು ಸೋಲುವುದು. ‘ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದು’ ಎಂಬ ಸದ್ಭಾವದ ಬೆನ್ನಿಗೇ ‘ನಾಳೆಗೂ ಇರಲಿ’ ಎಂಬ ಸಂಗ್ರಹಬುದ್ಧಿ ಒಳಹೊಗುತ್ತದೆ. ಶರಣರ ದೃಷ್ಟಿಯಲ್ಲಿ ದ್ರವ್ಯವು ಲಿಂಗಾರ್ಪಿತಕ್ಕೆ ಯೋಗ್ಯವಾಗುವುದು ಸತ್ಯಶುದ್ಧ ಕಾಯಕದಿಂದ ಬಂದಾಗ ಮಾತ್ರ. ವಿನಿಯೋಗದ ಹಿರಿಮೆಯು ಗಳಿಕೆಯ ದೋಷವನ್ನು ತೊಳೆಯಲಾರದು. ದಾಸೋಹವನ್ನು ದಾನದಿಂದ ಬೇರ್ಪಡಿಸುವ ಗೆರೆಯೂ ಇದೇ. ದಾನಿಗೆ ತನ್ನ ಕೂಡಿಡುವಿಕೆಯ ಬಗೆಗೆ ಉತ್ತರ ಕೊಡಬೇಕಾದ ಪ್ರಸಂಗವಿಲ್ಲ, ದಾಸೋಹಿಗೆ ಉಂಟು.

ಈ ಪ್ರಸಂಗಗಳನ್ನು ಪೋಣಿಸಿರುವ ಶೂನ್ಯಸಂಪಾದನೆಯು ಮಾರಯ್ಯನನ್ನು ಎಲ್ಲಿಯೂ ಕೀಳುಗಳೆಯುವುದಿಲ್ಲ. ಎಡವಿದವನೆಂಬ ಕಾರಣಕ್ಕೆ ಅವನ ಶರಣತ್ವಕ್ಕೆ ಕುಂದು ಬರಲಿಲ್ಲ; ಹೇಳಿದೊಡನೆ ಹಿಂದಿರುಗಿ ಅಕ್ಕಿಯನ್ನು ಸುರಿದು ಬಂದುದೇ ಅವನ ಸಾಧನೆ. ಗಂಡನು ಬೋಧಿಸಿ ಹೆಂಡತಿ ಕೇಳುವ ಲೋಕಕ್ರಮ ಇಲ್ಲಿ ತಿರುಗಿ ನಿಂತಿದೆಯಾದರೂ ಲಕ್ಕಮ್ಮನ ಮಾತಿನಲ್ಲಿ ಗೆದ್ದವಳ ಬಿಂಕವಿಲ್ಲ. ಅವಳ ವಚನಗಳ ಅಂಕಿತವನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಪತಿಯನ್ನು ತಿದ್ದಿದ ಆಕೆ ತನ್ನ ಇಷ್ಟದೈವವನ್ನು ಕರೆದುದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂದು.